ಒಗ್ಗರಣೆಗೆ ಕೂಗುತ್ತದೆ, ಗ್ಯಾಸ್ ಬಿಟ್ಟರೆ ಟಕಟಕ ಅನ್ನುತ್ತದೆ: ಎಂಕ್ಯೂ-6 ಅಲಾರಂ ಪಾಟ್ ಎಷ್ಟು ತಿರುಗಿಸಬೇಕು?

ಮುದ್ದೆ_ಬಸ್ಸಾರು, ಮಂಡ್ಯ

ಎಲ್ಲರಿಗೂ ನಮಸ್ಕಾರ. ನಮ್ಮದು ಮಂಡ್ಯದಲ್ಲಿ ಒಂದು ಚಿಕ್ಕ ಮೆಸ್. ನಡೆಸೋದು ಅಮ್ಮ, ನಾನು ಬೆಳಿಗ್ಗೆ ತರಕಾರಿ ತಂದು ಹಾಕಿ ಕೆಲಸಕ್ಕೆ ಹೋಗುತ್ತೇನೆ. 19 ಕೆಜಿಯ ಎರಡು ಸಿಲಿಂಡರ್ ಇವೆ. ಹೋದ ತಿಂಗಳು ಒಂದು ರಾತ್ರಿ ದೊಡ್ಡ ಒಲೆಯ ನಾಬ್ ಪೂರ್ತಿ ತಿರುಗದೆ ಉಳಿದುಬಿಟ್ಟಿತ್ತು. ಬೆಳಿಗ್ಗೆ ಐದಕ್ಕೆ ಅಮ್ಮ ಬಾಗಿಲು ತೆಗೆದಾಗ ಮುಖಕ್ಕೆ ಹೊಡೆದ ಹಾಗೆ ವಾಸನೆ. ಪುಣ್ಯಕ್ಕೆ ಲೈಟ್ ಸ್ವಿಚ್ ಮುಟ್ಟಲಿಲ್ಲ, ಹಾಗೇ ಹಿಂದಕ್ಕೆ ಬಂದು ನನ್ನನ್ನು ಎಬ್ಬಿಸಿದರು.

ಅವತ್ತೇ ಅಲಾರಂ ಮಾಡಬೇಕು ಅಂತ ಕೂತೆ. ಡಿಪ್ಲೊಮಾ ಮಾಡುವಾಗ ಕಲಿತದ್ದು ಅಲ್ಪಸ್ವಲ್ಪ ನೆನಪಿದೆ. ಎಂಕ್ಯೂ-6 ಅನ್ನೋ ಅಡುಗೆ ಗ್ಯಾಸ್ ಸೆನ್ಸರ್ ಇರುವ ರೆಡಿ ಮಾಡ್ಯೂಲ್ ತರಿಸಿದೆ, ಅದೇ ನಾಲ್ಕು ಪಿನ್ನಿನದು: 5 ವೋಲ್ಟ್, ಗ್ರೌಂಡ್, ಎಓ (ಗ್ಯಾಸ್ ಏರಿದ ಹಾಗೆ ಇದರ ವೋಲ್ಟೇಜ್ ಏರುತ್ತದೆ), ಡಿಓ (ಗ್ಯಾಸ್ ಮಿತಿ ದಾಟಿತೋ ಇಲ್ಲವೋ ಅಷ್ಟೇ ಹೇಳುತ್ತದೆ). ಅದರ ಮೇಲೆ ಎಲ್‌ಎಂ393 ಐಸಿ (ಎರಡು ವೋಲ್ಟೇಜ್ ಹೋಲಿಸುವ ಚಿಪ್), ಆ ಮಿತಿಯನ್ನು ಸ್ಕ್ರೂಡ್ರೈವರಿನಿಂದ ತಿರುಗಿಸಿ ಸೆಟ್ ಮಾಡೋಕೆ ಒಂದು ನೀಲಿ ಪಾಟ್. ಡಿಓ ಪಿನ್ನಿಗೆ ಬಿಸಿ547 ಟ್ರಾನ್ಸಿಸ್ಟರ್ ಹಾಕಿ ಬಜರ್ ಕೊಟ್ಟೆ. ಗ್ಯಾಸ್ ಇಲ್ಲದಾಗ ಕೂಗೋದು, ಲೈಟರ್ ಗ್ಯಾಸ್ ಬಿಟ್ಟರೆ ಸುಮ್ಮನಾಗೋದು! ಎರಡು ಗಂಟೆ ತಲೆ ಕೆರೆದುಕೊಂಡೆ. ಆಮೇಲೆ ಗೊತ್ತಾಯಿತು, ಡಿಓ ಗ್ಯಾಸ್ ಬಂದಾಗ ಕೆಳಗೆ ಇಳಿಯುತ್ತದೆ. ಅದಕ್ಕೆ ಟ್ರಾನ್ಸಿಸ್ಟರ್ ಕಿತ್ತು, ಲೋ ಸಿಗ್ನಲ್‌ಗೆ ಆನ್ ಆಗುವ ರಿಲೇ ಮಾಡ್ಯೂಲ್ ಹಾಕಿದೆ, ರಿಲೇಯಿಂದ ಬಜರ್. ಎಲ್ಲಾ ಒಂದೇ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಒಲೆಯ ಪಕ್ಕದ ಗೋಡೆಯಲ್ಲಿ, ಕಣ್ಣಿನ ಎತ್ತರಕ್ಕೆ ಹೊಡೆದಿದ್ದೇನೆ. ಅಡಾಪ್ಟರ್ ಮುಂದಿನ ಹಾಲ್‌ನಲ್ಲಿದೆ, ಯುಪಿಎಸ್ ಪ್ಲಗ್ ಇರೋದು ಅಲ್ಲೇ. ಅಲ್ಲಿಂದ ಡಬ್ಬಿಗೆ 12 ಮೀಟರ್ ಬೆಲ್ ವೈರ್ ಎಳೆದಿದ್ದೇನೆ.

ಈಗ ಮೂರು ಕಾಟ.

ಒಂದು, ಬೆಳಿಗ್ಗೆ ಸಾರಿಗೆ ಒಗ್ಗರಣೆ ಬಿದ್ದ ತಕ್ಷಣ ಕೂಗುತ್ತದೆ. ಪಾಟ್ ಒಂದು ಕೂದಲೆಳೆ ತಿರುಗಿಸಿದರೆ ಲೈಟರ್ ಗ್ಯಾಸ್‌ಗೂ ಜಪ್ಪಯ್ಯ ಅನ್ನಲ್ಲ. ನಡುವೆ ಜಾಗವೇ ಸಿಗುತ್ತಿಲ್ಲ. ಎರಡು, ಕೂಗುವಾಗ ಒಮ್ಮೊಮ್ಮೆ ರಿಲೇ ಟಕಟಕಟಕ ಅಂತ ಹೊಲಿಗೆ ಮಿಷನ್ ಥರ ಹೊಡೆದುಕೊಳ್ಳುತ್ತದೆ. ಮೂರು, ಕರೆಂಟ್ ಹೋಗಿ ಬಂದರೆ, ಯುಪಿಎಸ್ ಬ್ಯಾಟರಿಯೂ ಇಳಿದಿದ್ದರೆ, ಶುರುವಿನಲ್ಲೇ ಒಂದೆರಡು ನಿಮಿಷ ಕೂಗಿಯೇ ತೀರುತ್ತದೆ.

ಅಮ್ಮ ನಿನ್ನೆ ಪ್ಲಗ್ ಕಿತ್ತು ಅಕ್ಕಿ ಡಬ್ಬದ ಮೇಲೆ ಇಟ್ಟಿದ್ದಾರೆ. "ನಿನ್ನ ಕಾಗೆ ಕಿರುಚ್ತಾ ಇದ್ರೆ ಊಟಕ್ಕೆ ಬಂದೋರು ಎದ್ದು ಓಡ್ತಾರೆ" ಅಂತ. ಪಾಟ್ ಎಷ್ಟು ತಿರುಗಿಸಬೇಕು ಅಂತ ಗೊತ್ತಿರೋರು ಹೇಳಿ.

ಸ್ಕ್ರೂಡ್ರೈವರ್_ಗಿರಾಕಿ, ಮೈಸೂರು

ಸಿಂಪಲ್ ಕಣ್ರೀ. ಮಾಡ್ಯೂಲ್ ಮೇಲಿನ ಎರಡನೇ ಎಲ್‌ಇಡಿ ಹತ್ತುವ ತನಕ ತಿರುಗಿಸಿ, ಹತ್ತಿದ ಮೇಲೆ ಸ್ವಲ್ಪ ಹಿಂದಕ್ಕೆ ತನ್ನಿ, ಆರಿದ ಕಡೆ ಬಿಡಿ. ಎಲ್ಲಾ ವಿಡಿಯೋದಲ್ಲೂ ಇದೇ ಹೇಳೋದು. ನಮ್ಮ ಮನೇಲಿ ಹಾಗೇ ಮಾಡಿದ್ದೇನೆ, ಒಂದು ವರ್ಷದಿಂದ ಒಂದು ಸಲವೂ ಕೂಗಿಲ್ಲ.

ಮತ್ತೆ ಆ ರಿಲೇಗೆ ಎಕ್ಸಾಸ್ಟ್ ಫ್ಯಾನ್ ಕೊಟ್ಟುಬಿಡಿ. ಗ್ಯಾಸ್ ಬಂದರೆ ತಾನೇ ತಿರುಗಿ ಹೊರಗೆ ಹಾಕುತ್ತದೆ.

ಹಳೇ_ಮಲ್ಟಿಮೀಟರ್, ಮೈಸೂರು

ಮೊದಲು ಗಿರಾಕಿಯವರಿಗೆ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಒಂದು ವರ್ಷದಿಂದ ಕೂಗಿಲ್ಲ ಅಂದರೆ ಅದು ಕೆಲಸ ಮಾಡುತ್ತಿದೆ ಅಂತಲೋ ಸತ್ತಿದೆ ಅಂತಲೋ, ಹೇಗೆ ಗೊತ್ತು? ಈ ಸೆನ್ಸರಿನ ಒಳಗಿನ ಹೀಟರ್ ತಂತಿ ತುಂಡಾದರೆ ಅದು ಕೂಗಲ್ಲ, ತೆಪ್ಪಗಾಗುತ್ತದೆ. ಹಸಿರು ದೀಪ ಮಾತ್ರ ಉರಿಯುತ್ತಲೇ ಇರುತ್ತದೆ, ಅದು ಬರೀ 5 ವೋಲ್ಟ್ ಬಂದಿದೆ ಅನ್ನೋಕೆ ಇರೋ ದೀಪ. ಇವತ್ತೇ ಒಂದು ಸಲ ಲೈಟರ್ ಗ್ಯಾಸ್ ತೋರಿಸಿ ನೋಡಿ, ಕಿಡಿ ಹೊಡೆಯದೆ.

ಎಕ್ಸಾಸ್ಟ್ ಫ್ಯಾನ್ ಮಾತು ಇನ್ನೂ ದೊಡ್ಡದು. ಗ್ಯಾಸ್ ತುಂಬಿದ ಕೋಣೆಯಲ್ಲಿ ಅಮ್ಮ ಲೈಟ್ ಸ್ವಿಚ್ ಮುಟ್ಟಲಿಲ್ಲ, ಅದಕ್ಕೆ ಪುಣ್ಯ ಅಂತ ಇವರೇ ಬರೆದಿದ್ದಾರೆ. ನೀವು ಹೇಳಿದ ಹಾಗೆ ಮಾಡಿದರೆ ಆ ಸ್ವಿಚ್ಚನ್ನು ರಿಲೇ ತಾನಾಗಿ ಒತ್ತುತ್ತದೆ, ಅಷ್ಟೇ ವ್ಯತ್ಯಾಸ. ರಿಲೇ ಕಾಂಟ್ಯಾಕ್ಟ್ 230 ವೋಲ್ಟಿನ ಮೋಟರ್ ಎಳೆಯುವಾಗ ಕಿಡಿ ಬಂದೇ ಬರುತ್ತದೆ. ಮಾಮೂಲಿ ಎಕ್ಸಾಸ್ಟ್ ಫ್ಯಾನ್ ಮೋಟರೂ ಇಂಥ ಗಾಳಿಯಲ್ಲಿ ಓಡಿಸೋಕೆ ಮಾಡಿದ್ದಲ್ಲ. ದಯವಿಟ್ಟು ಬೇಡ. ಕೂಗಲಿ, ಸಾಕು. ಬಾಗಿಲು ಮನುಷ್ಯ ತೆಗೀತಾನೆ.

ಈಗ ಮಂಡ್ಯದ ತಮ್ಮನಿಗೆ. ಪಾಟ್ ಎಷ್ಟು ತಿರುಗಿಸಬೇಕು ಅನ್ನೋ ಪ್ರಶ್ನೆಗೆ ನಾನು ಉತ್ತರ ಹೇಳಲ್ಲ. ಮೇಟಗಳ್ಳಿ ಕಡೆ ಒಂದು ಫ್ಯಾಕ್ಟರಿಯ ಇನ್‌ಸ್ಟ್ರುಮೆಂಟ್ ಸೆಕ್ಷನ್ನಿನಲ್ಲಿ ಮೂವತ್ತು ವರ್ಷ ಇದೇ ಕೆಲಸ ಮಾಡಿದ್ದೇನೆ. ಅಳೆಯದೆ ತಿರುಗಿಸಿದ ಪಾಟನ್ನು ಆಮೇಲೆ ಸರಿ ಮಾಡೋಕೆ ಹೋಗಿ ರಾತ್ರಿ ಶಿಫ್ಟ್ ಪೂರ್ತಿ ಕಳೆದದ್ದೂ ಇದೆ. ಮಲ್ಟಿಮೀಟರ್ ಇದೆಯಾ? ಇದ್ದರೆ ಈ ಐದು ಲೆಕ್ಕ ಕೊಡು. ಅಡಾಪ್ಟರ್ ತುದಿಯಲ್ಲಿ ಎಷ್ಟು ವೋಲ್ಟ್, ಡಬ್ಬಿ ಒಳಗೆ ಮಾಡ್ಯೂಲಿನ ಪಿನ್ ಮೇಲೆ ಎಷ್ಟು, ಬಜರ್ ಕೂಗುವಾಗ ಅದೇ ಪಿನ್ ಮೇಲೆ ಎಷ್ಟು. ಆಮೇಲೆ ಎಓ ಪಿನ್ ಮೇಲೆ ಒಲೆ ಹಚ್ಚುವ ಮುಂಚೆ ಎಷ್ಟು, ಒಗ್ಗರಣೆ ಹೊತ್ತಿನಲ್ಲಿ ಎಷ್ಟು. ಜೊತೆಗೆ ಮಾಡ್ಯೂಲ್ ತಿರುವಿ ಹಾಕಿ, ಎಓ ಪಿನ್ನಿಂದ ಗ್ರೌಂಡಿಗೆ ಹೋಗುವ ಚಿಕ್ಕ ಕಪ್ಪು ರೆಸಿಸ್ಟರ್ ಮೇಲೆ ಏನು ನಂಬರ್ ಇದೆ ನೋಡು. ಕಣ್ಣಿಗೆ ಕಾಣದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿಕೋ.

ಮುದ್ದೆ_ಬಸ್ಸಾರು, ಮಂಡ್ಯ

ಸರ್, ಥ್ಯಾಂಕ್ಸ್. ಅಮ್ಮನಿಗೆ ಒಂದೇ ದಿನ ಅಂತ ಗೋಗರೆದು ಮತ್ತೆ ಹಾಕಿದೆ. ಲೆಕ್ಕ ಇಲ್ಲಿದೆ.

ಅಡಾಪ್ಟರ್ ತುದಿ 4.92 ವೋಲ್ಟ್. ಡಬ್ಬಿಯಲ್ಲಿ 4.60. ಕೂಗುವಾಗ 4.40. ಎಓ ಪಿನ್ ಬೆಳಿಗ್ಗೆ 0.06, ಒಗ್ಗರಣೆಗೆ 0.17. ಆ ರೆಸಿಸ್ಟರ್ ಮೇಲೆ 102 ಅಂತ ಇದೆ. ಪಾಟ್ ನಡುವಿನ ಕಾಲು ಈಗ 0.15ರಲ್ಲಿದೆ, ಅದನ್ನೂ ನೋಡಿಕೊಂಡೆ.

ಹಳೇ_ಮಲ್ಟಿಮೀಟರ್, ಮೈಸೂರು

ಹಾಂ, ಸಿಕ್ಕಿತು. ಕಳ್ಳ ಪಾಟ್ ಅಲ್ಲ, ಆ 102.

ನೋಡು ತಮ್ಮಾ, ಎಂಕ್ಯೂ-6 ಅಂದರೆ ಒಳಗೆ ಟಿನ್ ಆಕ್ಸೈಡ್ ಲೇಪನ ಇರುವ ಒಂದು ರೆಸಿಸ್ಟರ್, ಅದನ್ನು ಬಿಸಿ ಮಾಡೋಕೆ ಒಂದು ಹೀಟರ್. ಇಷ್ಟೇ. ಗ್ಯಾಸ್ ಬಂದರೆ ಆ ರೆಸಿಸ್ಟೆನ್ಸ್ ಕಡಿಮೆಯಾಗುತ್ತದೆ. 1000 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ಎಲ್‌ಪಿಜಿಯಲ್ಲಿ ಅದು 10ರಿಂದ 60 ಕಿಲೋ ಓಮ್ ನಡುವೆ ಎಲ್ಲಿ ಬೇಕಾದರೂ ಇರಬಹುದು ಅಂತ ತಯಾರಕರ ಡೇಟಾಶೀಟೇ ಹೇಳುತ್ತದೆ. ಒಂದು ಸೆನ್ಸರ್ ಇದ್ದ ಹಾಗೆ ಇನ್ನೊಂದು ಇರಲ್ಲ. ಅದಕ್ಕೇ ಇಷ್ಟು ತಿರುಗಿಸಿ ಅಂತ ಯಾರೂ ಹೇಳೋಕೆ ಆಗಲ್ಲ. ಈ ಸೆನ್ಸರಿನ ಕೆಳಗೆ ಒಂದು ಲೋಡ್ ರೆಸಿಸ್ಟರ್ ಬರುತ್ತದೆ, ಎರಡರ ನಡುವೆ ಬರುವ ವೋಲ್ಟೇಜೇ ಎಓ. ಡೇಟಾಶೀಟ್ ಅಲ್ಲಿ 20 ಕಿಲೋ ಓಮ್ ಅಂತ ಬರೆದಿದೆ. ನಿನ್ನ ಮಾಡ್ಯೂಲಿನವರು ಹಾಕಿರೋದು 102, ಅಂದರೆ 10ರ ಮುಂದೆ ಎರಡು ಸೊನ್ನೆ, 1000 ಓಮ್. ಹಲವು ಅಗ್ಗದ ಮಾಡ್ಯೂಲ್‌ಗಳಲ್ಲಿ ಇದೇ ಕಥೆ.

ಇದರಿಂದ ಏನಾಯಿತು? ಇಡೀ ಆಟ 0.06ರಿಂದ 0.17 ವೋಲ್ಟ್ ಒಳಗೆ ಮುಗಿದುಹೋಯಿತು. ಪಾಟ್ ತುದಿಯಿಂದ ತುದಿಗೆ ತಿರುಗಿದರೆ 4.6 ವೋಲ್ಟ್. ಅದರಲ್ಲಿ ನಿನಗೆ ಬೇಕಾದದ್ದು ಶೇಕಡಾ ಎರಡೂವರೆ. ಒಟ್ಟು ತಿರುಗೋದು 270 ಡಿಗ್ರಿ ಅಂದುಕೊಂಡರೂ ಆರೇಳು ಡಿಗ್ರಿ. ಗಡಿಯಾರದಲ್ಲಿ ಸೆಕೆಂಡ್ ಮುಳ್ಳು ಒಂದು ಸಲ ಟಿಕ್ ಅನ್ನೋದು ಆರು ಡಿಗ್ರಿ. ಅಷ್ಟು ಜಾಗದಲ್ಲಿ ಸ್ಕ್ರೂಡ್ರೈವರ್ ಇಟ್ಟು ಒಗ್ಗರಣೆ ಬೇರೆ, ಗ್ಯಾಸ್ ಬೇರೆ ಮಾಡು ಅಂದರೆ ಯಾರ ಕೈಲಾಗುತ್ತದೆ?

ಆ 102 ಬಿಚ್ಚು, ಎಓ ಮತ್ತು ಗ್ರೌಂಡ್ ನಡುವೆ ಮಾಮೂಲಿ ಕಾಲಿನ 10 ಕಿಲೋ ಓಮ್ ಹಾಕು. 20 ಕೂಡ ಹಾಕಬಹುದು. ನಾನು 10 ಅಂದದ್ದು ಯಾಕೆ ಅಂದರೆ, 5 ವೋಲ್ಟ್ ಸಪ್ಲೈ ಇದ್ದರೆ ಎಲ್‌ಎಂ393ಗೆ ಇನ್‌ಪುಟ್ 3.5 ವೋಲ್ಟ್ ಒಳಗಿದ್ದರೆ ಆರಾಮ. ನಿನ್ನ ಸೆನ್ಸರ್ ನೋಡಿದರೆ ಕಡಿಮೆ ಓಮಿನದು, 20 ಹಾಕಿದರೆ ಎಓ ಬೇಗ ಮೇಲಕ್ಕೆ ಹೋಗಿಬಿಡುತ್ತದೆ.

ಎರಡನೇದು ವೈರ್. ಹೀಟರ್ 33 ಓಮ್, 5 ವೋಲ್ಟಿಗೆ 150 ಮಿಲಿಆಂಪ್ ಹಗಲೂ ರಾತ್ರಿ ಎಳೆಯುತ್ತದೆ. 12 ಮೀಟರ್ ಅಂದರೆ ಹೋಗಿ ಬಂದು 24 ಮೀಟರ್ ತಂತಿ, ಬೆಲ್ ವೈರಿನಲ್ಲಿ ಎರಡು ಓಮ್ ಹತ್ತಿರ ಬರುತ್ತದೆ. ಅದಕ್ಕೇ 4.92 ಹೊರಟದ್ದು 4.60 ಆಗಿ ಬಂತು. ಬಜರ್ ಮತ್ತು ರಿಲೇ ಸೇರಿ ಇನ್ನೊಂದು 100 ಮಿಲಿಆಂಪ್ ಎಳೆದಾಗ 4.40. ಈ ಹೀಟರ್ ಕೇಳೋದು 5 ವೋಲ್ಟ್, ಹೆಚ್ಚು ಕಡಿಮೆ 0.1. ಪವರ್ ಲೆಕ್ಕ ವೋಲ್ಟೇಜಿನ ವರ್ಗದ ಮೇಲೆ ಹೋಗುತ್ತದಲ್ವಾ, 4.40ಕ್ಕೆ ಶೇಕಡಾ 23ರಷ್ಟು ಕಾವು ಖೋತಾ. ಎಓ ಮತ್ತು ಪಾಟ್ ಎರಡೂ ಒಂದೇ ಸಪ್ಲೈಯಿಂದ ಬರೋದರಿಂದ ವೋಲ್ಟ್ ಇಳಿದರೆ ಎರಡೂ ಒಟ್ಟಿಗೆ ಇಳಿಯುತ್ತವೆ, ಅದು ಪರವಾಗಿಲ್ಲ. ಆದರೆ ಕಾವು ಇಳಿದ ಸೆನ್ಸರ್ ಬೇರೆಯೇ ಸೆನ್ಸರ್. ಇವತ್ತು ಮಾಡಿದ ಅಡ್ಜಸ್ಟ್‌ಮೆಂಟ್ ನಾಳೆ ಇರಲ್ಲ. ಒಂದು ಚದರ ಮಿಮೀ ವೈರ್ ಎಳಿ, ಅಥವಾ 12 ವೋಲ್ಟ್ ಅಡಾಪ್ಟರ್ ಇಟ್ಟು ಡಬ್ಬಿಯಲ್ಲೇ ಚಿಕ್ಕ ಬಕ್ ಕನ್ವರ್ಟರ್ (ವೋಲ್ಟ್ ಇಳಿಸುವ ಬೋರ್ಡ್) ಹಾಕಿ 5.0ಕ್ಕೆ ಸೆಟ್ ಮಾಡು. ನಾನಾಗಿದ್ದರೆ ಎರಡನೇದೇ.

ಟಕಟಕಕ್ಕೆ ಕಾರಣ ಬೇರೆ. ಆ ಐಸಿ ಒಂದು ಕಂಪ್ಯಾರೇಟರ್, ಅಂದರೆ ತಕ್ಕಡಿ: ಒಂದು ತಟ್ಟೆಯಲ್ಲಿ ಎಓ, ಇನ್ನೊಂದರಲ್ಲಿ ಪಾಟಿನ ವೋಲ್ಟ್. ಎರಡು ತಟ್ಟೆಯೂ ಸಮ ಇದ್ದಾಗ ಉಸಿರು ಬಿಟ್ಟರೂ ಮುಳ್ಳು ಆಡುತ್ತದೆ. ಒಂದು ಕಡೆ ವಾಲಿದ ಮೇಲೆ ಅಲ್ಲೇ ಸ್ವಲ್ಪ ಹೊತ್ತು ಕೂರಲಿ ಅಂತ ಔಟ್‌ಪುಟ್ಟಿಂದ ಪ್ಲಸ್ ಇನ್‌ಪುಟ್ಟಿಗೆ ಒಂದು 100 ಕಿಲೋ ಓಮ್ ಹಾಕಬೇಕು. ಮಲ್ಟಿಮೀಟರ್ ಕಂಟಿನ್ಯುಟಿಯಲ್ಲಿಟ್ಟು ಪಾಟಿನ ನಡುಗಾಲು ಐಸಿಯ 3ನೇ ಪಿನ್ನಿಗೆ ಹೋಗಿದೆಯೋ 5ಕ್ಕೋ ನೋಡು. 3 ಆದರೆ ಔಟ್‌ಪುಟ್ 1ನೇ ಪಿನ್, 5 ಆದರೆ 7. ಆ ಎರಡರ ನಡುವೆ ರೆಸಿಸ್ಟರ್. 10 ಕಿಲೋ ಪಾಟ್ 2 ವೋಲ್ಟ್ ಹತ್ತಿರ ಇದ್ದರೆ ಸುಮಾರು 0.1 ವೋಲ್ಟ್ ಅಂತರ ಸಿಗುತ್ತದೆ. ನಿನ್ನ ಈಗಿನ 0.06, 0.17 ಲೆಕ್ಕದಲ್ಲಿ ಇದನ್ನು ಹಾಕಿದರೆ ಪ್ರಯೋಜನವಿಲ್ಲ, ಮೊದಲು 102 ತೆಗಿ.

ಕಾವೇರಿ_ತೀರದವಳು, ಮೈಸೂರು

ನಾನೂ ಕಾಲೇಜ್ ಪ್ರಾಜೆಕ್ಟಿಗೆ ಇದೇ ಮಾಡಿದ್ದೆ, ಇದೇ 102 ತಿಂದು ಒಂದು ವಾರ ಹಾಳಾಗಿತ್ತು. ಆಗ ಈ ಚರ್ಚೆ ಸಿಕ್ಕಿದ್ದರೆ!

ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ: ನಿಮ್ಮ ಡಬ್ಬಿ ಇರುವ ಜಾಗವೇ ತಪ್ಪು. ಎಲ್‌ಪಿಜಿ ಗಾಳಿಗಿಂತ ಭಾರ. ಪ್ರೊಪೇನ್ ಒಂದೂವರೆ ಪಟ್ಟು, ಬ್ಯುಟೇನ್ ಎರಡು ಪಟ್ಟು. ಸೋರಿದರೆ ನೀರಿನ ಥರ ನೆಲದ ಮೇಲೆ ಹರಡುತ್ತದೆ. ಕಣ್ಣೆತ್ತರದ ಡಬ್ಬಿಗೆ ಅದು ತಲುಪುವ ಹೊತ್ತಿಗೆ ಕೆಳಗೆ ಕೋಣೆ ತುಂಬಿರುತ್ತದೆ. ಅದೇ ಒಗ್ಗರಣೆ ಹೊಗೆ, ಹಬೆ, ಎಣ್ಣೆ ಆವಿ ಎಲ್ಲಾ ಬಿಸಿಯಾಗಿ ಮೇಲಕ್ಕೇ ಬರುತ್ತವೆ. ಅಂದರೆ ಬೇಡದ್ದು ಮೊದಲು ಸಿಗುತ್ತದೆ, ಬೇಕಾದದ್ದು ಕೊನೆಗೆ. ನೆಲದಿಂದ 20-30 ಸೆಂಟಿಮೀಟರ್ ಎತ್ತರಕ್ಕೆ, ಸಿಲಿಂಡರ್ ಕಡೆ ಗೋಡೆಗೆ ಹಾಕಿ. ಮೆಸ್ ಅಂದರೆ ನೆಲಕ್ಕೆ ನೀರು ಹೊಡೆದು ತೊಳೀತಾರೆ ಅಲ್ವಾ, ಅದಕ್ಕೆ ಮುಂದೆ ಒಂದು ಓರೆ ತಗಡು ಇರಲಿ. ಪೈಪ್ ಗ್ಯಾಸ್ ಇರೋರು, ಗೋಬರ್ ಗ್ಯಾಸ್ ಇರೋರು ಇದನ್ನು ಓದಿ ನೆಲಕ್ಕೆ ಹಾಕಬೇಡಿ ಮತ್ತೆ. ಅದು ಮೀಥೇನ್, ಹಗುರ, ಚಾವಣಿ ಹತ್ತಿರ ಹಾಕಬೇಕು, ಸೆನ್ಸರೂ ಎಂಕ್ಯೂ-4 ಬೇಕು.

ಕರೆಂಟ್ ಬಂದ ತಕ್ಷಣ ಕೂಗೋದು ಸೆನ್ಸರ್ ತಪ್ಪಲ್ಲ. ತಣ್ಣಗಿರುವ ಸೆನ್ಸರಿಗೆ ಮೊದಲ ಸಲ ಕಾವು ಕೊಟ್ಟಾಗ ಗ್ಯಾಸ್ ಇಲ್ಲದಿದ್ದರೂ ಎಓ ಜಾಸ್ತಿ ತೋರಿಸಿ, ನಿಧಾನವಾಗಿ ಇಳಿಯುತ್ತದೆ. ನಾನು ಅದಕ್ಕೆ ಇನ್ನೊಂದು ಎಲ್‌ಎಂ393ನಲ್ಲಿ, ಅಷ್ಟು ಹೊತ್ತು ಬಜರ್ ಸುಮ್ಮನಿರಿಸುವ ಟೈಮರ್ ಮಾಡಿದೆ. 470 ಕಿಲೋ ಓಮ್ ಮೂಲಕ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ತುಂಬಲಿ, ಅದು ಪ್ಲಸ್ ಇನ್‌ಪುಟ್ಟಿಗೆ. ಮೈನಸ್ ಇನ್‌ಪುಟ್ಟಿಗೆ ಎರಡು 10 ಕಿಲೋ ಓಮ್‌ನಿಂದ ಮಾಡಿದ ಎರಡೂವರೆ ವೋಲ್ಟ್. ಅಲ್ಲಿಗೆ ತಲುಪೋಕೆ ಎರಡೂವರೆ ನಿಮಿಷ ಹಿಡಿಯುತ್ತದೆ. 470 ಕಿಲೋ ರೆಸಿಸ್ಟರಿಗೆ ಅಡ್ಡಲಾಗಿ 1ಎನ್4148 ಡಯೋಡ್ ಹಾಕಿ, ಪಟ್ಟಿ ಇರುವ ತುದಿ 5 ವೋಲ್ಟ್ ಕಡೆಗೆ. ಕರೆಂಟ್ ಹೋದ ಕೂಡಲೇ ಕೆಪಾಸಿಟರ್ ಖಾಲಿಯಾಗೋಕೆ ಅದು. ಇಲ್ಲದಿದ್ದರೆ ಕರೆಂಟ್ ಹತ್ತು ಸೆಕೆಂಡಿಗೆ ವಾಪಸ್ ಬಂದಾಗ ಟೈಮರ್ ಲೆಕ್ಕ ತಪ್ಪುತ್ತದೆ.

ರಿಲೇ ನಿಮಗೆ ಬೇಕೇ ಇಲ್ಲ. ಒಂದು ಬಜರ್‌ಗೆ ರಿಲೇ ಅಂದರೆ ಇಲಿ ಹಿಡಿಯೋಕೆ ಬೆಟ್ಟ ಅಗೆದ ಹಾಗೆ. ಬಜರ್ ಮೇಲ್ಗಡೆ ಬಿಸಿ557 ಟ್ರಾನ್ಸಿಸ್ಟರ್: ಎಮಿಟರ್ 5 ವೋಲ್ಟಿಗೆ, ಬೇಸ್ 4.7 ಕಿಲೋ ಮೂಲಕ ಡಿಓಗೆ, ಕಲೆಕ್ಟರ್ ಬಜರಿನ ಪ್ಲಸ್‌ಗೆ. ಇದು ಪಿಎನ್‌ಪಿ, ಡಿಓ ಕೆಳಗಿಳಿದಾಗ ಆನ್ ಆಗುತ್ತದೆ. ನೀವು ಮೊದಲು ಹಾಕಿದ ಬಿಸಿ547 ಉಲ್ಟಾ ಆದದ್ದು ಅದಕ್ಕೇ. ಆ 547 ಬಿಸಾಡಿಲ್ಲ ಅಂದುಕೊಳ್ಳುತ್ತೇನೆ, ಅದನ್ನು ಬಜರಿನ ಕೆಳಗಡೆ ಹಾಕಿ: ಕಲೆಕ್ಟರ್ ಬಜರ್ ಮೈನಸ್‌ಗೆ, ಎಮಿಟರ್ ಗ್ರೌಂಡಿಗೆ, ಬೇಸ್ ಟೈಮರ್ ಔಟ್‌ಪುಟ್ಟಿಗೆ. ಎಲ್‌ಎಂ393 ಔಟ್‌ಪುಟ್ ತಾನಾಗಿ ಮೇಲೆ ಎತ್ತಲ್ಲ, ಬರೀ ಕೆಳಗೆ ಎಳೆಯುತ್ತದೆ. ಅದಕ್ಕೆ ಅಲ್ಲಿಂದ 5 ವೋಲ್ಟಿಗೆ ಒಂದು 4.7 ಕಿಲೋ ಬೇಕು. ಮೇಲಿನವನು, ಕೆಳಗಿನವನು ಇಬ್ಬರೂ ಒಪ್ಪಿದರೆ ಮಾತ್ರ ಬಜರ್ ಕೂಗುತ್ತದೆ.

ಹಳೇ_ಮಲ್ಟಿಮೀಟರ್, ಮೈಸೂರು

ಜಾಗದ ಮಾತು ನಾನೇ ಮೊದಲು ಹೇಳಬೇಕಿತ್ತು ಮಗಳೇ, ಲೆಕ್ಕದ ಗುಂಗಿನಲ್ಲಿ ಮರೆತೆ. ಸರ್ಕ್ಯೂಟೂ ಚೆನ್ನಾಗಿದೆ.

ಟೈಮರ್ ವಿಷಯದಲ್ಲಿ ಮಾತ್ರ ನನಗೆ ಒಂದು ತಕರಾರು. ಆ ಎರಡೂವರೆ ನಿಮಿಷ ಅಲಾರಂ ಕಿವುಡು. ಕರೆಂಟ್ ವಾಪಸ್ ಬಂದ ಕ್ಷಣದಲ್ಲೇ ಫ್ರಿಜ್ಜು, ಮಿಕ್ಸಿ ಎಲ್ಲಾ ಒಟ್ಟಿಗೆ ಎದ್ದೇಳುತ್ತವೆ, ಕಿಡಿ ಹಾರೋದು ಆಗಲೇ. ಟೈಮರ್ ಹಾಕಲಿ, ಬೇಡ ಅನ್ನಲ್ಲ, ಆದರೆ ಅದು ಕೆಲಸಕ್ಕೆ ಬರುವ ಸಂದರ್ಭವೇ ಬರದ ಹಾಗೆ ನೋಡಿಕೊಳ್ಳಬೇಕು. ವೈಫೈ ರೂಟರಿಗೆ ಹಾಕುವ ಚಿಕ್ಕ ಯುಪಿಎಸ್ ಸಿಗುತ್ತದಲ್ಲ, 12 ವೋಲ್ಟಿನದು, ಅದನ್ನೇ ಹಾಕು ತಮ್ಮಾ. ಒಟ್ಟು ಒಂದು ವ್ಯಾಟ್ ಲೋಡು, ಗಂಟೆಗಟ್ಟಲೆ ಬರುತ್ತದೆ. ಮನೆ ಯುಪಿಎಸ್ ಕೈಕೊಟ್ಟರೂ ಸೆನ್ಸರ್ ತಣ್ಣಗಾಗಲ್ಲ.

ಸ್ಕ್ರೂಡ್ರೈವರ್_ಗಿರಾಕಿ, ಮೈಸೂರು

ಸರ್, ನೀವು ಹೇಳಿದ ಹಾಗೆ ಲೈಟರ್ ಗ್ಯಾಸ್ ತೋರಿಸಿ ನೋಡಿದೆ. ಕೂಗಲಿಲ್ಲ. ಬಿಚ್ಚಿ ಸೆನ್ಸರಿನ ಎರಡು ಎಚ್ (ಹೀಟರ್) ಕಾಲಿನ ನಡುವೆ ಓಮ್ ಅಳೆದರೆ ಏನೂ ತೋರಿಸ್ತಿಲ್ಲ. 30 ಓಮ್ ಹತ್ತಿರ ಬರಬೇಕಿತ್ತು ಅಲ್ವಾ? ಒಂದು ವರ್ಷದಿಂದ ಹೆಂಡತಿಗೆ ಧೈರ್ಯ ಹೇಳಿಕೊಂಡು ಬಂದಿದ್ದೇನೆ. ಅವಳಿಗೆ ಇನ್ನೂ ಹೇಳಿಲ್ಲ. ಹೊಸ ಸೆನ್ಸರಿಗೆ ಆರ್ಡರ್ ಹಾಕಿದ್ದೇನೆ.

ಹಳೇ_ಮಲ್ಟಿಮೀಟರ್, ಮೈಸೂರು

ಒಪ್ಪಿಕೊಂಡಿದ್ದು ದೊಡ್ಡದು. ಹೊಸ ಸೆನ್ಸರ್ ಬಂದರೆ ಒಂದು ದಿನ ಪೂರ್ತಿ, 24 ಗಂಟೆ, ಕರೆಂಟ್ ಕೊಟ್ಟು ಇಡಿ, ಆಮೇಲೆ ಪಾಟ್ ಮುಟ್ಟಿ. ಪ್ಯಾಕೆಟ್ಟಿನಿಂದ ತೆಗೆದು ಹತ್ತು ನಿಮಿಷಕ್ಕೆ ಸೆಟ್ ಮಾಡಿದ್ದು ನಾಳೆಗೇ ಬದಲಾಗಿರುತ್ತದೆ. ಹತ್ತಿರದಲ್ಲಿ ಸಿಲಿಕೋನ್ ಸೀಲೆಂಟ್ ಹಚ್ಚಬೇಡಿ, ಅದರ ಆವಿ ಸೆನ್ಸರಿಗೆ ವಿಷ. ಡಬ್ಬಿಯ ಸಂದಿಗೆ ಅದನ್ನೇ ಬಳಿಯೋರು ಜಾಸ್ತಿ.

ಮಂಡ್ಯದ ತಮ್ಮಾ, ಈಗ ನಿನ್ನ ಮೊದಲನೇ ಪ್ರಶ್ನೆ, ಎಷ್ಟು ತಿರುಗಿಸಬೇಕು. ಲೈಟರನ್ನು ನೇರ ಸೆನ್ಸರ್ ಮುಂದೆ ಹಿಡಿದರೆ ಅದು ಕೆಲಸ ಮಾಡುತ್ತದೋ ಇಲ್ಲವೋ ಅಂತ ಗೊತ್ತಾಗುತ್ತದೆ, ಅಷ್ಟೇ. ಎಷ್ಟು ಗ್ಯಾಸಿಗೆ ಕೂಗುತ್ತದೆ ಅನ್ನೋದು ಗೊತ್ತಾಗಲ್ಲ. ಬ್ಯುಟೇನ್ ಗಾಳಿಯಲ್ಲಿ ಶೇಕಡಾ 1.8 ಆದಾಗ ಹೊತ್ತಿಕೊಳ್ಳಬಲ್ಲದು, ಅಂದರೆ 18,000 ಪಿಪಿಎಂ. ನಾವು ಅದರ ಹತ್ತನೇ ಒಂದು ಭಾಗಕ್ಕಿಂತ ಮುಂಚೆ, 1000 ಪಿಪಿಎಂ ಸುತ್ತಮುತ್ತ ಕೂಗಿಸೋಣ. ಕುಡಿಯುವ ನೀರಿನ 20 ಲೀಟರ್ ಕ್ಯಾನ್ ಇರುತ್ತದಲ್ಲ ಮೆಸ್‌ನಲ್ಲಿ, ಒಂದು ಖಾಲಿ ಮಾಡಿ ಚೆನ್ನಾಗಿ ಒಣಗಿಸು. 20 ಲೀಟರಿಗೆ 20 ಮಿಲಿ ಗ್ಯಾಸ್ ಹಾಕಿದರೆ ಸರಿಯಾಗಿ 1000 ಪಿಪಿಎಂ. ಮೆಡಿಕಲ್ ಶಾಪಿನಲ್ಲಿ 20 ಮಿಲಿ ಸಿರಿಂಜ್ ಸಿಗುತ್ತದೆ. ಚಿಕ್ಕ ಪ್ಲಾಸ್ಟಿಕ್ ಕವರಿನ ಗಾಳಿ ಪೂರ್ತಿ ಹಿಂಡಿ, ಲೈಟರನ್ನು ಕಿಡಿ ಹೊಡೆಯದೆ ಒತ್ತಿ ಅದರೊಳಗೆ ಗ್ಯಾಸ್ ತುಂಬಿಸು, ಅಲ್ಲಿಂದ ಸಿರಿಂಜಿಗೆ ಎಳೆದುಕೋ. ಲೈಟರ್ ನೆಟ್ಟಗೆ ಇರಲಿ. ತಲೆಕೆಳಗಾಗಿ ದ್ರವದ ಹನಿ ಬಿದ್ದರೆ ಲೆಕ್ಕ ಪೂರ್ತಿ ಕೆಡುತ್ತದೆ, ಒಂದು ಮಿಲಿ ದ್ರವ ಇನ್ನೂರಕ್ಕೂ ಹೆಚ್ಚು ಮಿಲಿ ಗ್ಯಾಸ್ ಆಗುತ್ತದೆ. ಇದೆಲ್ಲಾ ಮನೆ ಹೊರಗೆ, ಅಂಗಳದಲ್ಲಿ. ಪಕ್ಕದಲ್ಲಿ ಬೀಡಿ ಸೇದೋರು ಇರಬಾರದು.

ಕ್ಯಾನಿನೊಳಗೆ ಒಂದು ಪ್ಲಾಸ್ಟಿಕ್ ಹಾಳೆ ಚೂರು ಹಾಕಿ ಅಲ್ಲಾಡಿಸಿದರೆ ಗಾಳಿ ಬೆರೆಯುತ್ತದೆ. ಕಾದಿರುವ ಮಾಡ್ಯೂಲನ್ನು ವೈರಿನಲ್ಲಿ ಬಾಯಿಂದ ಇಳಿಬಿಡು, ಬಾಯಿಗೆ ಬಟ್ಟೆ ತುರುಕು, ಎರಡು ನಿಮಿಷ ಬಿಟ್ಟು ಎಓ ಬರಕೋ. ಆ ವೋಲ್ಟಿಗಿಂತ 0.1 ಕಡಿಮೆಗೆ ಪಾಟ್ ನಡುಗಾಲು ತಂದು ನಿಲ್ಲಿಸು. ಉತ್ತರ ಅಷ್ಟೇ.

ಮುದ್ದೆ_ಬಸ್ಸಾರು, ಮಂಡ್ಯ

ಹತ್ತು ದಿನ ಆಯಿತು, ಲೇಟಾಗಿದ್ದಕ್ಕೆ ಕ್ಷಮಿಸಿ. ಬಕ್ ಕನ್ವರ್ಟರ್ ಮಂಡ್ಯದಲ್ಲಿ ಕೇಳಿದ ಕಡೆ ಸಿಗಲಿಲ್ಲ. ಒಂದು ಭಾನುವಾರ ಟ್ರೈನ್ ಹತ್ತಿ ಬೆಂಗಳೂರಿಗೆ ಹೋಗಿ ಎಸ್‌ಪಿ ರೋಡ್ ಸುತ್ತೋಣ ಅಂತ ಹೊರಟಿದ್ದೆ. ಆಮೇಲೆ ಅಲ್ಲಿ ಭಾನುವಾರ ಮುಚ್ಚಿರುತ್ತದೆ ಅಂತ ಯಾರೋ ಹೇಳಿದರು, ಕೊನೆಗೆ ಆನ್‌ಲೈನಲ್ಲೇ ತರಿಸಿದೆ.

102 ಬಿಚ್ಚುವಾಗ ಒಂದು ಕಡೆ ಪ್ಯಾಡ್ ಎದ್ದು ಬಂತು, ಎದೆ ಧಸಕ್ ಅಂತು. ಎಓ ಪಿನ್ನಿನ ಬುಡಕ್ಕೇ 10 ಕಿಲೋ ಬೆಸೆದೆ, ನಡೀತು. ಹೀಟರಿಗೆ ಈಗ 5.02 ವೋಲ್ಟ್, ಕೂಗುವಾಗಲೂ 5.01. ರಿಲೇ ತೆಗೆದೆ, ಮೇಡಂ ಹೇಳಿದ ಮೇಲಿನವನು ಕೆಳಗಿನವನು ಇಬ್ಬರನ್ನೂ ಹಾಕಿದೆ. 557ರ ಕಾಲು ಒಂದು ಸಲ ತಿರುಗಾಮುರುಗಾ ಆಗಿತ್ತು, ಅದು ನನ್ನ ಪಾಪ. ಪಾಟ್ ನಡುಗಾಲು ನನ್ನದರಲ್ಲಿ 3ಕ್ಕೆ ಹೋಗಿದೆ, 1 ಮತ್ತು 3ರ ನಡುವೆ 100 ಕಿಲೋ.

ಒಂದು ದಿನ ಪೂರ್ತಿ ಕಾಯಿಸಿ ಅಳೆದೆ. ಒಲೆ ಹಚ್ಚುವ ಮುಂಚೆ 0.55. ಬೇಕಂತಲೇ ಹಳೇ ಜಾಗದಲ್ಲೇ ಹಿಡಿದುಕೊಂಡು ಅಮ್ಮನಿಗೆ ಒಗ್ಗರಣೆ ಹಾಕಿ ಅಂದೆ: 1.2 ತನಕ ಹೋಯಿತು. ನೆಲದ ಹತ್ತಿರ ಅದೇ ಒಗ್ಗರಣೆಗೆ 0.7. ಕ್ಯಾನ್ ಪರೀಕ್ಷೆ ಹಿತ್ತಲಲ್ಲಿ ಮಾಡಿದೆ, ಪಕ್ಕದ ಮನೆಯವರು ಏನೋ ಬಾಂಬ್ ಮಾಡ್ತಾ ಇದ್ದಾನೆ ಅಂತ ಕಾಂಪೌಂಡ್ ಮೇಲಿಂದ ಇಣುಕಿ ನೋಡಿದರು. 20 ಮಿಲಿಗೆ 2.2 ವೋಲ್ಟ್ ಬಂತು. ಗಾಳಿ ಬದಲಾಯಿಸಿ ಇನ್ನೊಂದು ಸಲ 36 ಮಿಲಿ ಹಾಕಿ ನೋಡಿದೆ, 1800 ಪಿಪಿಎಂ ಆಗುತ್ತದಲ್ಲ, 2.5 ಬಂತು. ಪಾಟ್ 2.1ಕ್ಕೆ ನಿಲ್ಲಿಸಿದ್ದೇನೆ. 0.55ರಿಂದ 2.2ಕ್ಕೆ ಪಾಟ್ ಕಾಲು ಸುತ್ತು ತಿರುಗುತ್ತದೆ ಈಗ, ಮೊದಲು ಉಸಿರು ಬಿಗಿ ಹಿಡಿದು ತಿರುಗಿಸುತ್ತಿದ್ದೆ. ಟಕಟಕ ಪೂರ್ತಿ ನಿಂತಿದೆ. ಕೂಗಿದರೆ ಒಂದೇ ಸಮ ಕೂಗುತ್ತದೆ, ನಿಂತರೆ ನಿಂತಿತು.

ನಿನ್ನೆ ಮಧ್ಯಾಹ್ನ ಮಾತ್ರ ಒಂದು ಸಲ ಕೂಗಿತು. ಎದ್ದೆನೋ ಬಿದ್ದೆನೋ ಅಂತ ಓಡಿ ರೆಗ್ಯುಲೇಟರ್ ಆಫ್ ಮಾಡಿ ಬಾಗಿಲು ತೆಗೆದರೆ, ಪಾತ್ರೆ ತೊಳೆಯೋ ಅಕ್ಕ ಸಿಲಿಂಡರ್ ಮೂಲೆಗೆ ಜಿರಳೆ ಸ್ಪ್ರೇ ಹೊಡೆಯುತ್ತಿದ್ದರು. ಇದಕ್ಕೇನಾದರೂ ದಾರಿ ಇದೆಯಾ?

ಕಾವೇರಿ_ತೀರದವಳು, ಮೈಸೂರು

ಮೇಡಂ ಎಲ್ಲಾ ಬೇಡ, ನಾನಿನ್ನೂ ಸಪ್ಲಿ ಪಾಸಾಗಬೇಕು.

ಅದಕ್ಕೆ ದಾರಿ ಇಲ್ಲ, ಯಾಕೆಂದರೆ ಅದು ಸುಳ್ಳು ಅಲಾರಂ ಅಲ್ಲವೇ ಅಲ್ಲ. ಎಷ್ಟೋ ಸ್ಪ್ರೇ ಡಬ್ಬಿಗಳಲ್ಲಿ, ಬಾಡಿ ಸ್ಪ್ರೇಯಲ್ಲೂ, ಒಳಗಿಂದ ತಳ್ಳೋಕೆ ತುಂಬಿರೋದು ಪ್ರೊಪೇನ್, ಬ್ಯುಟೇನೇ. ನಿಮ್ಮ ಸೆನ್ಸರ್ ಸರಿಯಾಗಿಯೇ ಕಂಡುಹಿಡಿದಿದೆ. ಒಲೆ ಉರಿಯುವಾಗ ಅದನ್ನು ಹೊಡೆಯಬಾರದು ಅಂತ ಅಕ್ಕನಿಗೆ ಹೇಳಿ.

ಹಳೇ_ಮಲ್ಟಿಮೀಟರ್, ಮೈಸೂರು

ಭೇಷ್. 2.2, 2.5 ಎರಡೂ ಬರೆದು ಡಬ್ಬಿಯ ಮುಚ್ಚಳದ ಒಳಗೆ ತಾರೀಕು ಸಮೇತ ಅಂಟಿಸಿಡು. ಆರು ತಿಂಗಳಿಗೆ ಒಂದು ಸಲ ಅದೇ ಕ್ಯಾನು, ಅದೇ 20 ಮಿಲಿ. ಲೆಕ್ಕ ತುಂಬಾ ಕೆಳಗೆ ಬಂದಿದ್ದರೆ ಸೆನ್ಸರ್ ಬದಲಾಯಿಸು, ಪಾಟ್ ತಿರುಗಿಸಿ ಸಮಾಧಾನ ಮಾಡಿಕೊಳ್ಳಬೇಡ. ತಿಂಗಳಿಗೊಮ್ಮೆ ಲೈಟರ್ ತೋರಿಸೋದು ಬೇರೆ. ಕಂಪನಿ ಅಲಾರಂ ಒಂದು ಕೊಂಡು ಜೊತೆಗೆ ಹಾಕಿದರೆ ಇನ್ನೂ ಒಳ್ಳೆಯದು, ಮೆಸ್ ಅಂದರೆ ನಾಲ್ಕು ಜನ ಬರುವ ಜಾಗ. ನಿಜವಾದ ಸೋರಿಕೆ ಆದರೆ 1906ಕ್ಕೆ ಫೋನ್ ಮಾಡಬೇಕು, ಆ ಫೋನನ್ನೂ ಹೊರಗೆ ಬಂದು ಮಾಡಬೇಕು. ಆ ನಂಬರೂ ಮುಚ್ಚಳದ ಹೊರಗೆ ದೊಡ್ಡದಾಗಿ ಬರಿ. ಹೋಸ್ ಎಷ್ಟು ಹಳೇದು, ಅದನ್ನೂ ನೋಡು.

ಮುದ್ದೆ_ಬಸ್ಸಾರು, ಮಂಡ್ಯ

ಹೋಸ್ ನೋಡಿದೆ ಸರ್. ಮೇಲಿನ ತಾರೀಕು ಪೂರ್ತಿ ಅಳಿಸಿಹೋಗಿದೆ, ಅಂದರೆ ಎಷ್ಟು ಹಳೇದು ಅಂತ ನೀವೇ ಲೆಕ್ಕ ಹಾಕಿ. ನಾಳೆನೇ ಎರಡೂ ಬದಲಾಯಿಸುತ್ತೇನೆ. 1906 ಕೆಂಪು ಪೇಂಟಿನಲ್ಲಿ ಬರೆದಾಯಿತು. ಅಮ್ಮ ಇವತ್ತು ಬೆಳಿಗ್ಗೆ ಒಗ್ಗರಣೆ ಹಾಕಿ ಡಬ್ಬಿ ಕಡೆ ಒಂದು ಸಲ ತಿರುಗಿ ನೋಡಿದರು. ಕೂಗಲಿಲ್ಲ. "ಕೆಟ್ಟೋಯ್ತಾ?" ಅಂತ ಕೇಳಿದರು.